ಎರಡು ಎತ್ತುಗಳ ಊರು

ಬ್ರೆಜಿಲ್‌ನ ಪರಿಂಟಿನ್ಸ್ ಪಟ್ಟಣಕ್ಕೆ ರಸ್ತೆಯಿಲ್ಲ. ಅಮೆಜಾನ್ ನದಿಯ ನಡುಗಡ್ಡೆಯ ಮೇಲಿರುವ ಊರದು. ಮನೌಸ್‌ನಿಂದ ದೋಣಿ ಹತ್ತಿದೆ. ದೋಣಿಯ ತುಂಬ ಬಟ್ಟೆಯ ಜೋಲಿಗಳು ಒಂದಕ್ಕೊಂದು ತಾಗುವಷ್ಟು ಒತ್ತಾಗಿ ತೂಗುತ್ತಿದ್ದವು. ಮಲಗಿದವರಲ್ಲಿ ಕೆಲವರು ಕೆಂಪು ತೊಟ್ಟಿದ್ದರು, ಕೆಲವರು ನೀಲಿ.

ಊರಿನ ಹಬ್ಬದಲ್ಲಿ ಪೈಪೋಟಿ ನಡೆಸುವ ಎರಡು ಎತ್ತಿನ ಮೇಳಗಳ ಬಣ್ಣಗಳಿವು: ಕೆಂಪು ಗರಂಟಿಡೊ ಎತ್ತಿನದು, ನೀಲಿ ಕಪ್ರಿಶೋಜೊ ಎತ್ತಿನದು. ಇಡೀ ಊರೇ ಈ ಎರಡು ಪಕ್ಷವಾಗಿ ಒಡೆದಿದೆ. ಎದುರು ಎತ್ತಿನ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳರು. ಕೆಂಪಿಗೆ ಹೆಸರಾದ ಕೋಕಾ-ಕೋಲಾ ಕೂಡ ಇಲ್ಲಿ ನೀಲಿ ಡಬ್ಬಿಯಲ್ಲೂ ಬರುತ್ತದೆ!

ಮೇಳಗಳು ಆಡುವ ಎತ್ತಿನ ಆಟದ ಕಥೆ ಸರಳ. ಬಸುರಿ ಕತಿರೀನಳಿಗೆ ಎತ್ತಿನ ನಾಲಿಗೆಯ ಬಯಕೆ. ಗಂಡ ಧಣಿಯ ಮುದ್ದಿನ ಎತ್ತನ್ನೇ ಕೊಲ್ಲುತ್ತಾನೆ, ಧಣಿ ಕೆರಳುತ್ತಾನೆ, ಕೊನೆಗೆ ಎತ್ತು ಜೀವ ತಳೆದು ಏಳುತ್ತದೆ. ಈಶಾನ್ಯ ಬ್ರೆಜಿಲ್‌ನ ವಲಸಿಗರೊಡನೆ ಬಂದ ಈ ಆಟಕ್ಕೆ ಅಮೆಜಾನಿನ ಮೂಲನಿವಾಸಿಗಳ ಪುರಾಣಗಳೂ ಕೂಡಿಕೊಂಡವು. ಪರಿಂಟಿನ್ಸ್‌ನಲ್ಲಿ ಈ ಆಟದ ಉತ್ಸವ ಶುರುವಾದದ್ದು 1965ರಲ್ಲಿ. ಅದಕ್ಕೆಂದೇ ಕಟ್ಟಿದ ಬುಂಬೊಡ್ರೊಮೊ ಕ್ರೀಡಾಂಗಣ 1988ರದು.

ಜೂನ್ ಕೊನೆಯ ವಾರಾಂತ್ಯದ ಮೂರು ರಾತ್ರಿ ಅಲ್ಲಿ ಪೈಪೋಟಿ. ಮನೆಗಿಂತ ಎತ್ತರದ ಹಾವು, ಹದ್ದು, ರಾಕ್ಷಸರ ಬೊಂಬೆಗಳು ಕತ್ತು ತಿರುಗಿಸಿ ಕಣ್ಣು ಪಿಳುಕಿಸುತ್ತವೆ. ಇವನ್ನು ಮಾಡುವ ಇಲ್ಲಿನ ಕಲಾವಿದರಿಗೆ ರಿಯೊ ಕಾರ್ನಿವಲ್‌ನಿಂದಲೂ ಕರೆ ಬರುತ್ತದೆ. ಆದರೂ ನನ್ನ ಕಣ್ಣು ನೆಟ್ಟದ್ದು ಬಟ್ಟೆಯ ಎತ್ತಿನ ಮೇಲೆ. ಒಳಗಿರುವುದು ಒಬ್ಬನೇ ಮನುಷ್ಯ. ಬಿಳಿ ಗರಂಟಿಡೊದ ಹಣೆಯಲ್ಲಿ ಕೆಂಪು ಹೃದಯ, ಕರಿ ಕಪ್ರಿಶೋಜೊಗೆ ನೀಲಿ ನಕ್ಷತ್ರ. ಧಣಿಯ ಮಗಳ ವೇಷದವಳು ಹತ್ತಿರ ಬಂದಾಗ ಎತ್ತು ಕತ್ತು ಬಾಗಿಸಿ, ಕಿವಿ ಒದರಿ, ಅವಳ ಅಂಗೈ ಮೂಸುತ್ತದೆ. ಒಳಗೊಬ್ಬ ಮನುಷ್ಯನಿದ್ದಾನೆಂಬುದೇ ಮರೆತುಹೋಗುತ್ತದೆ.

ಅದಕ್ಕಿಂತ ದೊಡ್ಡ ಅಚ್ಚರಿ ಪ್ರೇಕ್ಷಕರದು. ನಮ್ಮ ಕರಾವಳಿಯಲ್ಲಿ ಎರಡು ಯಕ್ಷಗಾನ ಮೇಳಗಳು ಒಟ್ಟಿಗೇ ಆಡುವ ಜೋಡಾಟ ಕಂಡವರಿಗೆ ಇಂಥ ಜಿದ್ದು ಹೊಸದಲ್ಲ. ಇಲ್ಲಿ ಮಾತ್ರ ಒಂದರ ನಂತರ ಒಂದು ಆಡಬೇಕು. ಒಂದು ಎತ್ತು ಕುಣಿಯುವಾಗ ಅದರ ಅಭಿಮಾನಿಗಳು ಎರಡು ಗಂಟೆಗೂ ಮೀರಿ ನಿಂತಲ್ಲೇ ಹಾಡಿ ಕುಣಿಯುತ್ತಾರೆ, ಅದಕ್ಕೂ ಅಂಕವಿದೆ. ಎದುರಿನ ಅರ್ಧ ಕ್ರೀಡಾಂಗಣ ಅಷ್ಟು ಹೊತ್ತೂ ತುಟಿ ಬಿಚ್ಚುವಂತಿಲ್ಲ. ಗೇಲಿ ಮಾಡಿದರೆ ಕಳೆದುಹೋಗುವುದು ತಮ್ಮದೇ ಎತ್ತಿನ ಅಂಕ. ಸಾವಿರಾರು ಮಂದಿ ಕೈಕಟ್ಟಿ ಕೂತು ಎದುರಾಳಿಯ ಆಟ ನೋಡುತ್ತಾರೆ. ಜಿದ್ದಿಗೆ ಇಷ್ಟು ಮರ್ಯಾದೆ ಕಲಿಸಿದ ಹಬ್ಬವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೋಗುವವರು ತಿಂಗಳುಗಳ ಮೊದಲೇ ಏರ್ಪಾಡು ಮಾಡಿಕೊಳ್ಳಿ. ಹಬ್ಬದ ದಿನಗಳಲ್ಲಿ ಊರಲ್ಲಿ ಕೋಣೆ ಸಿಗುವುದು ಕಷ್ಟ. ಎಷ್ಟೋ ಮಂದಿ ಬಂದ ದೋಣಿಯಲ್ಲೇ ತಂಗುತ್ತಾರೆ. ಯಾವ ಬಣ್ಣ ತೊಟ್ಟರೂ ಸರಿ, ಎರಡೂ ಎತ್ತುಗಳ ಸರದಿ ಮುಗಿಯುವ ತನಕ ಮಾತ್ರ ಏಳಬೇಡಿ.