ಉಪ್ಪು ಒಣಗಿಸೋ ಕೆಲಸ

ನಿಯೋಡಿಮಿಯಮ್ ಅನ್ನೋ ಹೆಸರು ನೀವು ಕೇಳಿರಲಿಕ್ಕಿಲ್ಲ. ಆದ್ರೆ ನಿಮ್ಮ ಇಯರ್‌ಫೋನಿನ, ಹಾರ್ಡ್‌ಡಿಸ್ಕಿನ ಅಯಸ್ಕಾಂತದಲ್ಲಿ ಅದು ಇರುತ್ತೆ. 1885ರಲ್ಲಿ ಆಸ್ಟ್ರಿಯಾದ ಕಾರ್ಲ್ ಔಯರ್ ಫಾನ್ ವೆಲ್ಸ್‌ಬಾಖ್, ಅಲ್ಲಿವರೆಗೆ ಒಂದೇ ಧಾತು ಅಂದುಕೊಂಡಿದ್ದ ಡಿಡಿಮಿಯಮ್ಮನ್ನು ಎರಡು ಮಾಡಿದಾಗ ಸಿಕ್ಕಿದ್ದು ಇದು. ಹೆಸರಿನ ಅರ್ಥ 'ಹೊಸ ಅವಳಿ'.

ನನ್ನ ತಮ್ಮ ಪಿಎಚ್‌ಡಿ ಮಾಡ್ತಿರೋದು ಇದರ ಕ್ಲೋರೈಡ್ ಮೇಲೆ. "ಇಷ್ಟು ಓದಿ ಉಪ್ಪು ಒಣಗಿಸ್ತೀಯಾ?" ಅಂತ ನೆಂಟರ ತಮಾಷೆ. ಹೋದ ತಿಂಗಳು ಫೋನಿನಲ್ಲಿ ಅವನೇ "ಬಿಟ್ಟು ನಿನ್ನ ಥರ ಕೋಡಿಂಗ್ ಕಲೀಲಾ?" ಅಂದ. "ಮೊದಲು ನೀನು ಮಾಡೋದೇನು ಹೇಳು" ಅಂದೆ.

ಮೊದಲರ್ಧ ಸುಲಭವಂತೆ. ತಿಳಿನೀಲಿ ಆಕ್ಸೈಡನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗಿಸಿ, ಬತ್ತಿಸಿ, ಆರಲು ಬಿಟ್ಟರೆ ನೇರಳೆ ಹರಳು. ಆದ್ರೆ ಒಂದೊಂದು ನಿಯೋಡಿಮಿಯಮ್ಮಿಗೂ ಆರಾರು ನೀರಿನ ಅಣು ಸೇರಿಕೊಂಡಿರುತ್ತೆ. ಅವನಿಗೆ ಬೇಕಿರೋದು ನೀರಿಲ್ಲದ ಉಪ್ಪು.

ಕಾಯಿಸಿದ್ರಾಯ್ತಲ್ಲ ಅಂತೀರಾ? ಮೈಲುತುತ್ತ ಕಾಯಿಸಿದರೆ ನೀರು ಹೋಗಿ ಬಿಳಿ ಪುಡಿ ಉಳಿಯೋದನ್ನ ಹೈಸ್ಕೂಲಲ್ಲಿ ನೋಡಿದೀವಿ. ಇದು ಹಾಗಲ್ಲ. ಬಿಸಿ ಏರಿದ ಹಾಗೆ ನೀರು ಸುಮ್ನೆ ಹೋಗಲ್ಲ. ಕ್ಲೋರಿನನ್ನೂ ಆಸಿಡ್ ಆವಿಯಾಗಿ ಎಳೆದುಕೊಂಡು ಹೋಗಿ, ತನ್ನ ಆಕ್ಸಿಜನ್ ಬಿಟ್ಟುಹೋಗುತ್ತೆ. ಉಳಿಯೋದು ಆಕ್ಸಿಕ್ಲೋರೈಡ್. ನೀರಲ್ಲಿ ಕರಗಲ್ಲ, ಅವನ ಕೆಲಸಕ್ಕೂ ಬರಲ್ಲ. ನಮ್ಮ ಹಾಗೆ 'ಅನ್‌ಡೂ' ಒತ್ತೋಕಾಗಲ್ಲ.

ಇದಕ್ಕೆ ಉಪಾಯ ಅಮೋನಿಯಮ್ ಕ್ಲೋರೈಡ್, ಅಂದ್ರೆ ನವಸಾಗರ! ಕಲಾಯಿಯವನು ಕಾದ ಹಿತ್ತಾಳೆ ಪಾತ್ರೆಗೆ ಹಾಕಿದಾಗ ಬಿಳಿ ಹೊಗೆ ಏಳ್ತಿತ್ತಲ್ಲ, ಅದೇ. ಅಲ್ಲಿ ಅದು ಲೋಹದ ಮೇಲಿನ ಆಕ್ಸೈಡ್ ತೆಗೆಯುತ್ತೆ. ಇಲ್ಲೂ ಧಾರಾಳವಾಗಿ ಬೆರೆಸಿ ನಿಧಾನಕ್ಕೆ ಕಾಯಿಸಿದರೆ ಆಕ್ಸಿಜನ್ ಕೂರೋಕೆ ಬಿಡಲ್ಲ. ಕೊನೆಗೆ ನಿರ್ವಾತದಲ್ಲಿ 400 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿದರೆ ನವಸಾಗರ ತಾನೇ ಆವಿಯಾಗಿ ಹೊರಟುಹೋಗುತ್ತೆ. ಉಳಿದ ಉಪ್ಪನ್ನು ಗಾಳಿಯ ತೇವ ಸೋಕದ ಪೆಟ್ಟಿಗೆಯಲ್ಲಿಡಬೇಕು, ಇಲ್ಲದಿದ್ರೆ ಮತ್ತೆ ನೀರು ಕುಡಿಯುತ್ತೆ.

ಇಷ್ಟು ಒಣಗಿದ ಮೇಲೇ ಅದನ್ನು ಕರಗಿಸಿ ವಿದ್ಯುತ್ ಹಾಯಿಸಿಯೋ, ಕ್ಯಾಲ್ಸಿಯಮ್ ಜೊತೆ ಕಾಯಿಸಿಯೋ ಶುದ್ಧ ಲೋಹ ಪಡೆಯಬಹುದು.

ಒಂದು ಗಂಟೆ ಹೇಳಿದ. ದನಿಯಲ್ಲಿ ಬೇಸರ ಇರಲೇ ಇಲ್ಲ! ಬಿಡೋ ಮಾತಾಡಿದವನೂ ಇವನೇನಾ ಅನ್ನಿಸ್ತು.

"ಸಂಬಳದ ಚಿಂತೆ ಸದ್ಯಕ್ಕೆ ನನಗಿರಲಿ, ನೀನು ಒಣಗಿಸು" ಅಂದೆ.