ಹಿಂಬದಿಯ ಹಸಿರು ದೀಪ

2020ರ ಜನವರಿ 14ಕ್ಕೆ ವಿಂಡೋಸ್ 7ರ ಅವಧಿ ಮುಗಿಯಿತು. ಆ ಸಂಕ್ರಾಂತಿಯ ವಾರವೇ ಬ್ಯಾಡಗಿಯ ನಮ್ಮ ಮನೆಯ ಹಳೆಯ ಕಂಪ್ಯೂಟರಿಗೆ ಮಗ ವಿಂಡೋಸ್ 10 ಹಾಕಿದ. ಎಲ್ಲ ಬಂತು, ಇಂಟರ್‌ನೆಟ್ ಮಾತ್ರ ಹೋಯಿತು. ಕಾಲೇಜಿಗೆ ಪ್ರಾಜೆಕ್ಟ್ ಕಳಿಸಲು ಅಂದೇ ಕೊನೆಯ ದಿನ. "ಚಲೋ ಇದ್ದದ್ದನ್ನ ಕೆಡಿಸಿದಿ" ಎಂದು ಬೈದೆ. ಮೆಣಸಿನಕಾಯಿ ಸುಗ್ಗಿ ಬೇರೆ. ಊರೆಲ್ಲ ಘಾಟು, ನನ್ನ ಮಾತಿನಲ್ಲೂ ಅದೇ.

ರಾಣೆಬೆನ್ನೂರಿನ ಅಂಗಡಿಯವರು ಫೋನಿನಲ್ಲೇ, ನೆಟ್‌ವರ್ಕ್ ಕಾರ್ಡ್ ಹೋಗಿದೆ, ಹೊಸದು ಹಾಕಿಸಿ ಎಂದರು. ನಾನು ಹೊರಟೇಬಿಟ್ಟಿದ್ದೆ. ಮಗ ಡಬ್ಬಿಯ ಹಿಂಬದಿ ತೋರಿಸಿದ: "ಅಪ್ಪಾ, ಲೈಟ್ ಮಿನುಗಾಕತ್ತೈತಿ ನೋಡು. ಕಾರ್ಡ್ ಕೆಟ್ಟಿಲ್ಲ."

ಕೆಟ್ಟಿರಲಿಲ್ಲ. ಕಾರ್ಡಿಗೂ ವಿಂಡೋಸಿಗೂ ನಡುವೆ ದುಭಾಷಿಯಂತೆ ನಿಲ್ಲುವ ಡ್ರೈವರ್ ಇರಲಿಲ್ಲ, ಅಷ್ಟೆ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಕಾಣುತ್ತಿತ್ತು. ಹಳೆಯ ಸಿ.ಡಿ.ಯಲ್ಲಿದ್ದುದು 32 ಬಿಟ್ ಡ್ರೈವರ್. ಹೊಸದಾಗಿ ಹಾಕಿದ 64 ಬಿಟ್ ವಿಂಡೋಸಿನಲ್ಲಿ ಅದು ನಡೆಯದು. ಬೇರೆಯದನ್ನು ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು. ಬಾವಿಗೆ ಇಳಿಯುವ ಹಗ್ಗ ಬಾವಿಯೊಳಗೇ ಬಿದ್ದಂತಾಯಿತು.

ಹಾವೇರಿಯಲ್ಲಿ ಬಿಸಿಎ ಓದುತ್ತಿದ್ದ ನನ್ನ ತಂಗಿಯ ಮಗಳಿಗೆ ಫೋನ್ ಹೋಯಿತು. ಕಾರ್ಡಿನ ಹಾರ್ಡ್‌ವೇರ್ ಐಡಿಯಲ್ಲಿರುವ ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ ಎರಡನ್ನೂ ಓದಿಸಿಕೊಂಡಳು. ಅದಕ್ಕೆ ಹೊಂದುವ 64 ಬಿಟ್ ಡ್ರೈವರನ್ನು ಮೊಬೈಲಿಗೇ ಇಳಿಸಿಕೊಂಡು ಕೇಬಲ್ಲಿನಿಂದ ಕಂಪ್ಯೂಟರಿಗೆ ಹಾಕು ಎಂದಳು. ನನಗಾಗಲಿ, ಅಂಗಡಿಯವರಿಗಾಗಲಿ ಇದು ಹೊಳೆದಿರಲಿಲ್ಲ. ವಿಂಡೋಸ್ 10ರ ಅವಧಿಯೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈ ಸಲ ಮಗ ಡ್ರೈವರನ್ನು ಪೆನ್ ಡ್ರೈವಿಗೆ ಹಾಕಿಟ್ಟುಕೊಂಡೇ ಕೈಹಚ್ಚಿದ.

ಅಂದು ಪ್ರಾಜೆಕ್ಟ್ ಹೋದಾಗ ರಾತ್ರಿ ಹನ್ನೊಂದೂವರೆ. ಬೈದದ್ದರ ಬಗ್ಗೆ ನನಗೆ ಮಾತು ಹೊರಡಲಿಲ್ಲ. ರೊಟ್ಟಿ, ಪಲ್ಯ ಬಡಿಸಿ ಮುಂದಿಟ್ಟೆ. ಅವನೂ ಸುಮ್ಮನೆ ಉಂಡ.