412 ಪುಟಗಳ ವೀರಗಲ್ಲು

ನಮ್ಮ ಮನೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವ ಪುಸ್ತಕ ನನ್ನ ಪಿಎಚ್.ಡಿ. ಪ್ರಬಂಧ. ಕೆಂಪು ರೆಕ್ಸಿನ್ ಹೊದಿಕೆ, ಚಿನ್ನದ ಬಣ್ಣದ ಅಕ್ಷರ, 412 ಪುಟ. ಚಕ್ಕುಲಿ ಡಬ್ಬಿ ಎಟುಕದಿದ್ದಾಗ ಮೊಮ್ಮಗಳು ಅದರ ಮೇಲೆ ಹತ್ತಿ ನಿಲ್ಲುತ್ತಾಳೆ. ವಿಷಯ ವೀರಗಲ್ಲುಗಳು, ಶೀರ್ಷಿಕೆಯ ಬಾಲಕ್ಕೆ, ವಾಡಿಕೆಯಂತೆ, ‘ಒಂದು ಅಧ್ಯಯನ’. ಎರಡು ಅಧ್ಯಯನ ಮಾಡಿದವರನ್ನು ನಾನಂತೂ ಕಂಡಿಲ್ಲ.

ಕ್ಷೇತ್ರಕಾರ್ಯಕ್ಕೆಂದು ಮಂಡ್ಯದ ಕಡೆ ಅಲೆಯುತ್ತಿದ್ದಾಗ ಕೆರೆ ಏರಿಯ ಮೇಲಿನ ಕಲ್ಲೊಂದಕ್ಕೆ ಕೈಯಿಟ್ಟು ಅಜ್ಜಿಯೊಬ್ಬರು ಹೇಳಿದರು: “ದನ ಬುಡುಸ್ಕೊಂಡು ಬರಕ್ಕೋದ ಕಣ್ಮಗ. ದನ ಬಂದೊ. ಇವ್ನು ಬರ್ನಿಲ್ಲ.”

ಆ ರಾತ್ರಿ ಲಾಡ್ಜಿನ 40 ವ್ಯಾಟ್ ಬಲ್ಬಿನ ಕೆಳಗೆ ಕೂತು ಅದನ್ನು ಪಾಂಡಿತ್ಯಕ್ಕೆ ತಂದೆ: “ತುರುಗೋಳ್ ಸಂಘರ್ಷದ ಹಿನ್ನೆಲೆಯಲ್ಲಿ ಗೋಸಂಪತ್ತಿನ ಮರುವಶವು ಸಾಧಿತವಾದಾಗ್ಯೂ ಸದರಿ ಪ್ರಕ್ರಿಯೆಯು ವೀರನ ಪ್ರಾಣಾರ್ಪಣೆಯಲ್ಲಿ ಪರ್ಯವಸಾನಗೊಂಡಿರುವುದು ಮೌಖಿಕ ಆಕರಗಳಿಂದ ವೇದ್ಯವಾಗುತ್ತದೆ.” ಬರೆದು ಮುಗಿಸಿ, ಹೆಮ್ಮೆಯಿಂದ ಎರಡು ಸಲ ಓದಿಕೊಂಡೆ.

ಗೈಡ್ ಮೇಷ್ಟ್ರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದರು: “ಯಾರು ಹೇಳಿದ್ದು?” ಆಧಾರ ಕೇಳುತ್ತಿದ್ದಾರೆಂದು ಮೂರು ಅಡಿಟಿಪ್ಪಣಿ ಸೇರಿಸಿದೆ. ಮತ್ತೆ ಅದೇ ಕೆಂಪು. ಐದು ಮಾಡಿದೆ. ಅಷ್ಟರಲ್ಲಿ ಮೇಷ್ಟ್ರ ನಿವೃತ್ತಿ ಹತ್ತಿರ ಬಂದಿತ್ತು. ನಿಟ್ಟುಸಿರು ಬಿಟ್ಟು ಸಹಿ ಹಾಕಿದರು.

ಅವರ ಮೇಜಿನ ಮೇಲೆ ಸದಾ ಒಂದು ಪುಸ್ತಕವಿರುತ್ತಿತ್ತು: ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’. ಅದೂ ಪಿಎಚ್.ಡಿ. ಪ್ರಬಂಧವೇ, 1966ರಲ್ಲಿ ಅಚ್ಚಾಯಿತು. ಕ್ರಿ.ಶ. 450ರಿಂದ 1150ರವರೆಗೆ, 700 ವರ್ಷದ ಹರಹು. ದೊರೆಗಳ ವಂಶಾವಳಿಗೆಂದು, ತೇದಿಗೆಂದು ಪಂಡಿತರು ಎಂದೋ ಜಾಲಾಡಿದ್ದ ಶಾಸನಗಳನ್ನೇ ಹಿಡಿದು ಚಿಮೂ ಬೇರೆಯದೇ ಕೇಳಿದರು: ಆ ಜನ ಹೇಗೆ ಬಾಳಿದರು? ಒಡೆಯನ ಜೊತೆಗೇ ಸಾಯುತ್ತೇನೆಂದು ಭಾಷೆ ಕೊಟ್ಟ ವೇಳೆವಾಳಿ ಯಾರು? “ಹೊಸ ಕಲ್ಲು ಸಿಗಲಿಲ್ಲ ಅಂತ ಅಳಬೇಡಿ, ಹಳೇ ಕಲ್ಲಿಗೆ ಹೊಸ ಪ್ರಶ್ನೆ ಹಾಕಿ” ಎನ್ನುತ್ತಿದ್ದರು ಮೇಷ್ಟ್ರು. ನಾನು ಹೊಸ ಕಲ್ಲುಗಳನ್ನೇ ಎಣಿಸುತ್ತಿದ್ದೆ.

ಮದ್ದೂರು ತಾಲ್ಲೂಕಿನ ಆತಕೂರಿಗೂ ಅವರೇ ಅಟ್ಟಿದ್ದು. ಅಲ್ಲಿನದು ಹತ್ತನೆಯ ಶತಮಾನದ ಶಾಸನ. ಗಂಗರ ಬೂತುಗನಿಂದ ಮಣಲೇರ ಕೇಳಿ ಪಡೆದ ಕಾಳಿ ಎಂಬ ನಾಯಿಯ ಕಥೆಯೂ ಅದರಲ್ಲಿದೆ. ಹಂದಿಯ ಮೇಲೆ ಬಿಟ್ಟರು. ಹಂದಿ, ನಾಯಿ ಎರಡೂ ಸತ್ತವು. ಕಲ್ಲು ಹೇಳುವುದೂ ಹೆಚ್ಚುಕಡಿಮೆ ಇಷ್ಟೇ ಮಾತಿನಲ್ಲಿ. ಉಳಿ ಹಿಡಿದವನಿಗೆ ಒಂದೊಂದು ಅಕ್ಷರಕ್ಕೂ ತೋಳು ನೋಯುತ್ತದೆ, ‘ಹಿನ್ನೆಲೆಯಲ್ಲಿ’ ಎಂದು ಕೆತ್ತುತ್ತ ಕೂರಲು ಅವನಿಗೇನು ಹುಚ್ಚೇ? ನಮಗೆ ಡಿ.ಟಿ.ಪಿ. ಹುಡುಗನಿದ್ದ. ಪುಟಕ್ಕಿಷ್ಟು ಎಂದು ಕಾಸು ಕೊಟ್ಟರಾಯಿತು.

ಪದವಿ ಬಂದ ಮೇಲೆ ಒಂದು ಪ್ರತಿ ಹೊತ್ತು ಅಜ್ಜಿಯ ಊರಿಗೆ ಹೋದೆ. ಮಜ್ಜಿಗೆ ಕೊಟ್ಟು, ರೆಕ್ಸಿನ್ ಸವರಿ, “ನನ್ ಹೆಸ್ರು ಎಲ್ಲದೆ?” ಎಂದರು. ಹುಡುಕಿದೆ. ಅನುಬಂಧದಲ್ಲಿತ್ತು, ಮಾಹಿತಿದಾರರು, ಕ್ರಮಸಂಖ್ಯೆ 17: ಹೆಸರು, ವಯಸ್ಸು, ಅನಕ್ಷರಸ್ಥೆ. ಕೊನೆಯದನ್ನು ನುಂಗಿಕೊಂಡು ಓದಿದೆ. ಆಮೇಲೆ, ಅವರ ಮಾತೇ ಇದೆಯೆಂದು ತೋರಿಸಲು, ಆ ತುರುಗೋಳಿನ ವಾಕ್ಯವನ್ನು ಗಟ್ಟಿಯಾಗಿ ಓದಿದೆ. ‘ವೇದ್ಯವಾಗುತ್ತದೆ’ ಎನ್ನುವವರೆಗೂ ಕಣ್ಣು ಮುಚ್ಚಿ, ಪುರಾಣ ಕೇಳುವವರಂತೆ ಕೈ ಮುಗಿದೇ ಕೂತಿದ್ದರು.

“ಚೆಂದಾಗದೆ ಕಣ್ಮಗ” ಎಂದರು. “ಯಾರ್ ಯೋಳಿದ್ದು?”